ಎರಡು ಯುಎಸ್‌ಬಿ ಲ್ಯಾನ್ ಅಡಾಪ್ಟರ್, ಎರಡಕ್ಕೂ ಒಂದೇ ಮ್ಯಾಕ್ ಅಡ್ರೆಸ್. ಡೆಬಿಯನ್‌ನಲ್ಲಿ ಬದಲಾಯಿಸುವುದು ಹೇಗೆ?

ಸುಂಟಿಕೊಪ್ಪ_ತೋಟ

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ಅಲ್ಲಿ ಎರಡು ಮಿನಿ ಪಿಸಿ ಇಟ್ಟಿದ್ದೇವೆ. ಒಂದು ಆಫೀಸಿನಲ್ಲಿ. ಕೆಲಸದವರ ಹಾಜರಿ, ಹಣ್ಣಿನ ತೂಕ, ಇಂಚು ಸೆಂಟ್ ಲೆಕ್ಕದ ಮಳೆ ದಾಖಲೆ ಎಲ್ಲ ಅದರಲ್ಲೇ. ಇನ್ನೊಂದು ಪಲ್ಪರ್ ಶೆಡ್‌ನಲ್ಲಿ, ಕಣದ ಕ್ಯಾಮೆರಾಗಳ ರೆಕಾರ್ಡಿಂಗ್‌ಗೆ. ಎರಡರಲ್ಲೂ ಡೆಬಿಯನ್ 12 ಲಿನಕ್ಸ್, ನೆಟ್‌ವರ್ಕ್ ನೋಡಿಕೊಳ್ಳುವುದು ಸಿಸ್ಟಮ್‌ಡಿ ನೆಟ್‌ವರ್ಕ್‌ಡಿ.

ಏಪ್ರಿಲ್ ಮಳೆಯಲ್ಲಿ ಹತ್ತಿರದಲ್ಲೇ ಸಿಡಿಲು ಬಡಿಯಿತು. ಆಫೀಸ್ ಪಿಸಿಯ ಲ್ಯಾನ್ ಪೋರ್ಟ್ ಸತ್ತಿತು. ಶೆಡ್‌ನ ಪಿಸಿ ಪೂರ್ತಿ ಹೋಯಿತು. ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಒಂದು ತಂದು, ಆಫೀಸ್ ಪಿಸಿಯ ಡಿಸ್ಕನ್ನೇ ಕಾಪಿ ಮಾಡಿ, ಯಂತ್ರದ ಹೆಸರು ಮಾತ್ರ ಬೇರೆ ಕೊಟ್ಟಿದ್ದೇವೆ. ಅದರ ಒಂದೇ ಲ್ಯಾನ್ ಪೋರ್ಟ್ ಕ್ಯಾಮೆರಾ ಸ್ವಿಚ್‌ಗೆ ಹೋಗಿದೆ. ಹಾಗಾಗಿ ಕುಶಾಲನಗರದ ಅಂಗಡಿಯಿಂದ ಎರಡು ಯುಎಸ್‌ಬಿ ಲ್ಯಾನ್ ಅಡಾಪ್ಟರ್ ತಂದೆವು. ಕಂಪನಿ ಹೆಸರಿಲ್ಲದ, ಕಡಿಮೆ ಬೆಲೆಯವು.

ಒಂದನ್ನು ಮಾತ್ರ ಹಾಕಿದರೆ ಯಾವ ತೊಂದರೆಯೂ ಇಲ್ಲ. ಎರಡನ್ನೂ ಹಾಕಿದರೆ ಪಿಂಗ್ (ಸಂಪರ್ಕ ಪರೀಕ್ಷಿಸುವ ಕಮಾಂಡ್) ಸ್ವಲ್ಪ ಹೊತ್ತು ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಹೋಗುತ್ತದೆ. ಕೇಬಲ್ ಬದಲಾಯಿಸಿ ನೋಡಿದೆ, ಸ್ವಿಚ್ ಪೋರ್ಟ್ ಬದಲಾಯಿಸಿ ನೋಡಿದೆ. ಕೊನೆಗೆ ಎರಡೂ ಪಿಸಿಯಲ್ಲಿ ಐಪಿ ಲಿಂಕ್ ಕೊಟ್ಟು ಪಕ್ಕಪಕ್ಕ ಇಟ್ಟು ಓದಿದರೆ ಇಂಟರ್‌ಫೇಸ್‌ನ ಉದ್ದ ಹೆಸರೂ ಒಂದೇ, ಮ್ಯಾಕ್ ಅಡ್ರೆಸ್ಸೂ ಒಂದೇ. ಹನ್ನೆರಡಕ್ಕೆ ಹನ್ನೆರಡು ಅಂಕಿ ಒಂದೇ.

ಇದು ಸಾಧ್ಯವಾ? ಒಂದರ ಅಡ್ರೆಸ್ ಬದಲಾಯಿಸಿದರೆ ಸಾಕಾ? ಕರೆಂಟ್ ಹೋಗಿ ಬಂದ ಮೇಲೂ ಹಾಗೇ ಉಳಿಯಬೇಕು. ಮಳೆಗಾಲ ಶುರುವಾದರೆ ನಮ್ಮಲ್ಲಿ ಕರೆಂಟ್ ದಿನಕ್ಕೆಷ್ಟು ಸಲ ಹೋಗುತ್ತದೆ ಅಂತ ನಿಮಗೆಲ್ಲ ಗೊತ್ತಲ್ವಾ.

ಹಾರಂಗಿ_ಹಿನ್ನೀರು

ಖಂಡಿತ ಸಾಧ್ಯ. ಮ್ಯಾಕ್ ಅಡ್ರೆಸ್ ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್. ಅದು 48 ಬಿಟ್‌ನದು, ಅಂದರೆ ಎರಡೆರಡು ಅಂಕಿಯ ಆರು ಜೋಡಿ. ಮೊದಲ ಮೂರು ಜೋಡಿಯನ್ನು ಐಟ್ರಿಪಲ್‌ಇ ಸಂಸ್ಥೆ ತಯಾರಕರಿಗೆ ಹಣ ತೆಗೆದುಕೊಂಡು ಹಂಚುತ್ತದೆ. ಉಳಿದ ಮೂರನ್ನು ತಯಾರಕರು ಕಾರ್ಡಿಗೊಂದರಂತೆ ಬೇರೆ ಬೇರೆ ಬರೆಯಬೇಕು. ಕಡಿಮೆ ಬೆಲೆಯ ಅಡಾಪ್ಟರ್ ಮಾಡುವ ಕೆಲವರು ಆ ಕೆಲಸ ಮಾಡುವುದಿಲ್ಲ. ಇಡೀ ಲಾಟಿಗೆ ಒಂದೇ ನಂಬರ್ ಹಾಕಿ ಕಳಿಸುತ್ತಾರೆ. ಮನೆಯಲ್ಲಿ ಒಂದೇ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಪಿಂಗ್ ನಿಂತು ನಿಂತು ಹೋಗುವುದಕ್ಕೆ ಕಾರಣ ಸ್ವಿಚ್. ಯಾವ ಪೋರ್ಟ್‌ನಿಂದ ಯಾವ ಅಡ್ರೆಸ್‌ನ ಫ್ರೇಮ್ (ಡೇಟಾದ ತುಂಡು) ಬಂತು ಅಂತ ಸ್ವಿಚ್ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಒಂದು ಅಡ್ರೆಸ್ಸಿಗೆ ಒಂದೇ ಪೋರ್ಟ್. ಆಫೀಸ್ ಪಿಸಿ ಮಾತಾಡಿದಾಗ ಆ ಅಡ್ರೆಸ್ ಆಫೀಸಿನ ಪೋರ್ಟ್‌ಗೆ ಸೇರುತ್ತದೆ. ಮರುಕ್ಷಣ ಶೆಡ್ ಪಿಸಿ ಮಾತಾಡಿದರೆ ಅದೇ ಸಾಲು ಶೆಡ್‌ನ ಪೋರ್ಟ್‌ಗೆ ಬದಲಾಗುತ್ತದೆ. ಕೊನೆಗೆ ಯಾರು ಮಾತಾಡಿದರೋ ಅವರಿಗೆ ಎಲ್ಲರ ಡೇಟಾ. ಕೇಬಲ್ ಎಷ್ಟು ಬದಲಾಯಿಸಿದರೂ ಇದು ಸರಿಹೋಗಲ್ಲ.

ಅಂಗಡಿಯವರು ವಾಪಸ್ ತೆಗೆದುಕೊಂಡರೆ ಒಂದನ್ನು ಕೊಟ್ಟು ಬೇರೆ ಕಂಪನಿಯದು ತನ್ನಿ. ಅದೇ ಸುಲಭ.

ಸುಂಟಿಕೊಪ್ಪ_ತೋಟ

ಅಂಗಡಿಯವರನ್ನು ಕೇಳಿದೆ. ಅವರ ಹತ್ತಿರ ಇರುವುದೆಲ್ಲ ಇದೇ ಲಾಟು. ಸಾಫ್ಟ್‌ವೇರ್‌ನಲ್ಲೇ ಮಾಡೋಣ ಅಂತಿದ್ದೇನೆ.

ವಿರಾಜಪೇಟೆ_ಲ್ಯಾಬ್

ಕಾಲೇಜು ಲ್ಯಾಬ್‌ನಲ್ಲಿ ಇದೇ ತರಹದ ಅಡಾಪ್ಟರ್‌ಗಳ ಜೊತೆ ಕೆಲಸ ಮಾಡುತ್ತೇನೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಮ್ಮ ವೇದಿಕೆಯ ರೂಢಿಯಂತೆ ಕಮಾಂಡ್‌ಗಳನ್ನೂ ಕನ್ನಡದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.

ಮೊದಲು ತಿಳಿಯಬೇಕಾದ್ದು: ನೀವು ಬದಲಾಯಿಸುವುದು ಕಾರ್ಡಿನೊಳಗೆ ಬರೆದ ನಂಬರನ್ನಲ್ಲ. ಕಾರ್ಡ್ ಶುರುವಾದಾಗ ಡ್ರೈವರ್ ಆ ನಂಬರನ್ನು ಓದಿ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಕೊಡುತ್ತದೆ. ಅಲ್ಲಿಂದ ಮುಂದೆ ಹೊರಹೋಗುವ ಫ್ರೇಮ್‌ಗಳ ಮೇಲೆ ಕರ್ನಲ್ ಯಾವ ಅಡ್ರೆಸ್ ಹಾಕುತ್ತದೋ ಅದೇ ಅಡ್ರೆಸ್. ನಾವು ಹೇಳುವುದು ಕರ್ನಲ್‌ಗೆ. ಆದ್ದರಿಂದಲೇ ರೀಬೂಟ್ ಆದರೆ ಅಥವಾ ಅಡಾಪ್ಟರ್ ಕಿತ್ತು ಹಾಕಿದರೆ ಹಳೆಯದು ವಾಪಸ್ ಬರುತ್ತದೆ. ಕಾರ್ಡಿನ ಮೂಲ ನಂಬರ್ ನೋಡಬೇಕಿದ್ದರೆ ಈತ್‌ಟೂಲ್‌ಗೆ ಮೈನಸ್ ದೊಡ್ಡ ಪಿ ಕೊಟ್ಟು ಇಂಟರ್‌ಫೇಸ್ ಹೆಸರು ಹಾಕಿ.

ತಾತ್ಕಾಲಿಕವಾಗಿ ಪರೀಕ್ಷೆಗೆ ಮೂರು ಸಾಲು ಸಾಕು. ನಿಮ್ಮ ಇಂಟರ್‌ಫೇಸ್ ಹೆಸರು ಲ್ಯಾನ್0 ಅಂತ ಇಟ್ಟುಕೊಳ್ಳೋಣ.

ಸುಡೊ ಐಪಿ ಲಿಂಕ್ ಸೆಟ್ ಡೆವ್ ಲ್ಯಾನ್0 ಡೌನ್
ಸುಡೊ ಐಪಿ ಲಿಂಕ್ ಸೆಟ್ ಡೆವ್ ಲ್ಯಾನ್0 ಅಡ್ರೆಸ್ 02:10:20:30:40:12
ಸುಡೊ ಐಪಿ ಲಿಂಕ್ ಸೆಟ್ ಡೆವ್ ಲ್ಯಾನ್0 ಅಪ್

ಕೆಲವು ಡ್ರೈವರ್‌ಗಳು ಡೌನ್ ಮಾಡದೆಯೂ ಒಪ್ಪುತ್ತವೆ. ಒಪ್ಪದಿದ್ದರೆ ಡಿವೈಸ್ ಬ್ಯುಸಿ ಅಂತ ಬೈಯುತ್ತವೆ. ಡೌನ್ ಮಾಡಿಯೇ ಮಾಡುವುದು ಒಳ್ಳೆಯದು. ಇದನ್ನು ಎಸ್‌ಎಸ್‌ಎಚ್‌ನಿಂದ, ಅಂದರೆ ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್ ಆಗಿ, ಮಾಡಬೇಡಿ. ಮೊದಲ ಸಾಲಿಗೇ ನಿಮ್ಮ ಸಂಪರ್ಕ ಹೋಗುತ್ತದೆ, ಉಳಿದ ಎರಡು ಸಾಲು ಟೈಪ್ ಮಾಡಲು ಶೆಡ್‌ಗೇ ನಡೆಯಬೇಕಾಗುತ್ತದೆ. ಪಿಸಿಗೆ ಕೀಬೋರ್ಡ್ ಹಾಕಿ ಎದುರು ಕೂತು ಮಾಡಿ.

ಹಳೆಯ ಬರಹಗಳಲ್ಲಿ ಇಫ್‌ಕಾನ್ಫಿಗ್ ಈತ್0 ಎಚ್‌ಡಬ್ಲ್ಯು ಈಥರ್ ಅಂತ ನೋಡುತ್ತೀರಿ. ಅದೂ ಇದೇ ಕೆಲಸ ಮಾಡುತ್ತದೆ. ಹೊಸ ಡೆಬಿಯನ್‌ನಲ್ಲಿ ಆ ಪ್ಯಾಕೇಜ್ ತಾನಾಗಿ ಬರುವುದಿಲ್ಲ, ಅಷ್ಟೇ.

ಗೋಣಿಕೊಪ್ಪ_ಲಿನಕ್ಸ್

ಮೇಡಂ, ಮೊದಲ ಜೋಡಿ 02 ಯಾಕೆ? ಇರುವ ಅಡ್ರೆಸ್‌ನಲ್ಲೇ ಕೊನೆಯ ಅಂಕಿ ಒಂದು ಹೆಚ್ಚು ಮಾಡಿದರೆ ಆಗಲ್ವಾ? ಇನ್ನೊಂದು ಪ್ರಶ್ನೆ. 01 ಅಂತ ಶುರುಮಾಡಿದರೆ ಕರ್ನಲ್ ತೆಗೆದುಕೊಳ್ಳುವುದೇ ಇಲ್ಲ, ಆ ಅಡ್ರೆಸ್ ಕೊಡಲಾಗದು ಅನ್ನುತ್ತದೆ. ಯಾಕಿರಬಹುದು?

ವಿರಾಜಪೇಟೆ_ಲ್ಯಾಬ್

ಒಳ್ಳೆಯ ಪ್ರಶ್ನೆ. ಎಲ್ಲ ಇರುವುದು ಮೊದಲ ಜೋಡಿಯ ಕೊನೆಯ ಎರಡು ಬಿಟ್‌ನಲ್ಲಿ.

ಕಟ್ಟಕಡೆಯ ಬಿಟ್ 1 ಆಗಿದ್ದರೆ ಅದು ಗುಂಪಿನ ಅಡ್ರೆಸ್, ಮಲ್ಟಿಕಾಸ್ಟ್. ಅದು ಕಳಿಸಬೇಕಾದ ವಿಳಾಸ ಆಗಬಹುದೇ ಹೊರತು ಕಳಿಸುವವರ ವಿಳಾಸ ಆಗುವಂತಿಲ್ಲ. 01, 03, 05 ಎಲ್ಲ ಹಾಗೇ. ಕರ್ನಲ್ ನಿರಾಕರಿಸುವುದು ಸರಿಯೇ.

ಅದರ ಪಕ್ಕದ ಬಿಟ್ ಇನ್ನೂ ಮುಖ್ಯ. ಅದು 0 ಆಗಿದ್ದರೆ ನಂಬರ್ ತಯಾರಕರಿಂದ ಬಂದದ್ದು ಅಂತ ಅರ್ಥ. 1 ಆಗಿದ್ದರೆ ಅಲ್ಲಿನವರೇ, ಅಂದರೆ ಆ ನೆಟ್‌ವರ್ಕ್ ನೋಡಿಕೊಳ್ಳುವವರೇ ಕೊಟ್ಟದ್ದು. ಹಾಗಾಗಿ ಮೊದಲ ಜೋಡಿಯ ಎರಡನೇ ಅಂಕಿ 2, 6, ಎ ಅಥವಾ ಇ ಇದ್ದರೆ ಅದು ನಾವೇ ಇಟ್ಟುಕೊಳ್ಳಬಹುದಾದ ಅಡ್ರೆಸ್. ತಯಾರಕರ ನಂಬರ್ ಜೊತೆ ಸಾಮಾನ್ಯವಾಗಿ ತಿಕ್ಕಾಟವಿಲ್ಲ. ಕ್ಯೂಇಎಂಯುನ ವರ್ಚುವಲ್ ಯಂತ್ರಗಳು 52:54:00 ಅಂತ ಶುರುವಾಗುವುದನ್ನು ನೋಡಿರುತ್ತೀರಿ. 52ರಲ್ಲೂ ಎರಡನೇ ಅಂಕಿ 2.

ಕೊನೆಯ ಅಂಕಿ ಒಂದು ಹೆಚ್ಚು ಮಾಡಿದರೂ ಕೆಲಸ ನಡೆಯುತ್ತದೆ. ಆದರೆ ಆ ನಂಬರ್ ಬೇರೆ ಯಾರದೋ ಕಾರ್ಡಿಗೆ ಸೇರಿದ್ದು ಆಗಿರಬಹುದು. ನಮಗಾಗಿಯೇ ಬಿಟ್ಟಿರುವ ಜಾಗ ಇಷ್ಟು ದೊಡ್ಡದಿರುವಾಗ ಇನ್ನೊಬ್ಬರ ಜಾಗಕ್ಕೆ ಯಾಕೆ ಹೋಗಬೇಕು?

ಮಡಿಕೇರಿ_ಹಳಬ

ಇದನ್ನು ಓದಿ ಹಳೆಯ ದಿನಗಳು ನೆನಪಾದವು. ಸಾಫ್ಟ್‌ವೇರ್ ಮ್ಯಾಕ್ ಬದಲಾಯಿಸುವುದು ಹೊಸ ಕಾಲದ ಕಿತಾಪತಿ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಡಿಜಿಟಲ್ ಕಂಪನಿಯ ಡೆಕ್‌ನೆಟ್ ನಾಲ್ಕನೇ ಹಂತದ ಸಾಫ್ಟ್‌ವೇರ್ 1980ರ ದಶಕದಲ್ಲೇ ಇದನ್ನು ಮಾಡುತ್ತಿತ್ತು. ಅದು ಶುರುವಾದ ಕೂಡಲೇ ಕಾರ್ಡಿನ ಅಡ್ರೆಸ್ ತೆಗೆದು, ಎಎ-00-04-00 ಅಂತ ಶುರುವಾಗುವ ಅಡ್ರೆಸ್ ಹಾಕುತ್ತಿತ್ತು. ಕೊನೆಯ ಎರಡು ಜೋಡಿ ಆ ಯಂತ್ರದ ಡೆಕ್‌ನೆಟ್ ನಂಬರ್‌ನಿಂದ ಲೆಕ್ಕ ಹಾಕಿದ್ದು. ಮೇಡಂ ಹೇಳಿದ ಎರಡನೇ ಅಂಕಿ ಅಲ್ಲೂ ಎ.

ಸನ್ ವರ್ಕ್‌ಸ್ಟೇಶನ್‌ಗಳಲ್ಲಿ ಇನ್ನೊಂದು ಪದ್ಧತಿ. ಅಡ್ರೆಸ್ ಕಾರ್ಡಿನದಲ್ಲ, ಯಂತ್ರದ್ದು. ಬ್ಯಾಟರಿ ಇರುವ ಒಂದು ಚಿಪ್‌ನಲ್ಲಿ ಕೂತಿರುತ್ತಿತ್ತು. ಒಂದು ಯಂತ್ರಕ್ಕೆ ನಾಲ್ಕು ಕಾರ್ಡ್ ಹಾಕಿದರೂ ನಾಲ್ಕಕ್ಕೂ ಒಂದೇ ಅಡ್ರೆಸ್. ಬೇರೆ ಬೇರೆ ನೆಟ್‌ವರ್ಕ್‌ಗೆ ಹೋದರೆ ಅಡ್ಡಿಯಿಲ್ಲ. ಒಂದೇ ಸ್ವಿಚ್‌ಗೆ ಎರಡು ಹಾಕಿದರೆ ಇವತ್ತು ಸುಂಟಿಕೊಪ್ಪದಲ್ಲಿ ಆಗಿರುವುದೇ ಆಗುತ್ತಿತ್ತು. ಅದಕ್ಕೇ ಓಪನ್‌ಬೂಟ್‌ನಲ್ಲಿ ಲೋಕಲ್ ಮ್ಯಾಕ್ ಅಡ್ರೆಸ್ ಅನ್ನುವ ಸೆಟ್ಟಿಂಗ್ ಇತ್ತು. ಅದನ್ನು ಟ್ರೂ ಮಾಡಿದರೆ ಪ್ರತಿ ಕಾರ್ಡ್ ತನ್ನದೇ ಅಡ್ರೆಸ್ ಬಳಸುತ್ತಿತ್ತು.

ಕುಶಾಲನಗರ_ಸರ್ವಿಸ್

ಇಷ್ಟೆಲ್ಲ ಯಾಕಣ್ಣ? ಈತ್‌ಟೂಲ್‌ಗೆ ಮೈನಸ್ ದೊಡ್ಡ ಇ ಕೊಟ್ಟು ಕಾರ್ಡಿನ ಚಿಪ್‌ಗೇ ಹೊಸ ನಂಬರ್ ಬರೆದುಬಿಡಿ. ಒಮ್ಮೆ ಬರೆದರೆ ರೀಬೂಟ್ ಚಿಂತೆಯೇ ಇಲ್ಲ. ಕೆಲವು ಇಂಟೆಲ್ ಕಾರ್ಡ್‌ಗಳಲ್ಲಿ ಮಾಡಿದ್ದೇನೆ.

ಹಾರಂಗಿ_ಹಿನ್ನೀರು

ಇದನ್ನು ನಾನು ಒಪ್ಪುವುದಿಲ್ಲ. ಇಂಟೆಲ್ ಡ್ರೈವರ್‌ಗಳಲ್ಲಿ ಆ ಸೌಲಭ್ಯ ಇದೆ, ಸರಿ. ಆದರೆ ಎಲ್ಲ ಡ್ರೈವರ್‌ಗಳಲ್ಲಿ ಇಲ್ಲ. ಆ ಚಿಪ್‌ನಲ್ಲಿ ಅಡ್ರೆಸ್ ಮಾತ್ರ ಇರುವುದಿಲ್ಲ, ಕಾರ್ಡಿನ ಬೇರೆ ಸೆಟ್ಟಿಂಗ್‌ಗಳೂ ಇರುತ್ತವೆ, ಚೆಕ್‌ಸಮ್ ಇರುತ್ತದೆ. ಒಂದು ಬೈಟ್ ತಪ್ಪು ಜಾಗಕ್ಕೆ ಬಿದ್ದರೆ ಕಾರ್ಡ್ ಏಳುವುದೇ ಇಲ್ಲ. ಬರೆಯುವ ಹೊತ್ತಿಗೆ ಕರೆಂಟ್ ಹೋದರೆ? ಒಂದು ಸೆಟ್ಟಿಂಗ್ ಫೈಲ್‌ನಲ್ಲಿ ಆಗುವ ಕೆಲಸಕ್ಕೆ ಅಷ್ಟು ಅಪಾಯ ಬೇಡ. ಫೈಲ್ ತಪ್ಪಾದರೆ ಅಳಿಸಬಹುದು.

ಕುಶಾಲನಗರ_ಸರ್ವಿಸ್

ಯುಎಸ್‌ಬಿ ಅಡಾಪ್ಟರ್ ವಿಷಯದಲ್ಲಿ ನಿಮ್ಮ ಮಾತು ಸರಿ. ಇವಕ್ಕೆ ಫೈಲ್ ದಾರಿಯೇ ವಾಸಿ.

ವಿರಾಜಪೇಟೆ_ಲ್ಯಾಬ್

ಹಾಗಾದರೆ ಶಾಶ್ವತವಾಗಿ ಮಾಡುವ ದಾರಿ. ಪಿಸಿ ಏಳುವಾಗ ಓಡುವ ಆರ್‌ಸಿ ಲೋಕಲ್‌ ಸ್ಕ್ರಿಪ್ಟ್‌ನಲ್ಲಿ ಆ ಮೂರು ಕಮಾಂಡ್ ಹಾಕಿ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ನನಗದು ಇಷ್ಟವಿಲ್ಲ. ಆ ಹೊತ್ತಿಗೆ ನೆಟ್‌ವರ್ಕ್ ಆಗಲೇ ಎದ್ದು, ಹಳೆಯ ಅಡ್ರೆಸ್‌ನಲ್ಲಿ ಡಿಎಚ್‌ಸಿಪಿ ಕೇಳಿರುತ್ತದೆ, ಅಂದರೆ ರೂಟರ್‌ನಿಂದ ಐಪಿ ಕೇಳಿರುತ್ತದೆ. ಅಡಾಪ್ಟರ್ ಕಿತ್ತು ಹಾಕಿದರೆ ಆ ಸ್ಕ್ರಿಪ್ಟ್ ಮತ್ತೆ ಓಡುವುದೂ ಇಲ್ಲ. ಕಾರ್ಡ್ ಕಾಣಿಸಿಕೊಂಡ ಕ್ಷಣದಲ್ಲೇ ಅಡ್ರೆಸ್ ಕೂರಬೇಕು. ಅದನ್ನು ಮಾಡುವುದು ಹೊಸದಾಗಿ ಹಾಕಿದ ಸಾಧನಗಳನ್ನು ಗುರುತಿಸುವ ಯುಡೆವ್, ಅದಕ್ಕೆ ಹೇಳುವುದು ಲಿಂಕ್ ಫೈಲ್‌ನಲ್ಲಿ.

/ಇಟಿಸಿ/ಸಿಸ್ಟಮ್‌ಡಿ/ನೆಟ್‌ವರ್ಕ್/10-ಲ್ಯಾನ್0.ಲಿಂಕ್ ಅಂತ ಒಂದು ಫೈಲ್ ಮಾಡಿ, ಹೀಗೆ ಬರೆಯಿರಿ:

[ಮ್ಯಾಚ್]
ಪರ್ಮನೆಂಟ್‌ಮ್ಯಾಕ್‌ಅಡ್ರೆಸ್=ಅಡಾಪ್ಟರ್‌ನ ಮೂಲ ಅಡ್ರೆಸ್

[ಲಿಂಕ್]
ನೇಮ್=ಲ್ಯಾನ್0
ಮ್ಯಾಕ್‌ಅಡ್ರೆಸ್=02:10:20:30:40:12

ನೇಮ್ ಸಾಲು ಮರೆಯಬೇಡಿ. ಒಂದು ಕಾರ್ಡಿಗೆ ಹೊಂದುವ ಲಿಂಕ್ ಫೈಲ್‌ಗಳಲ್ಲಿ ಮೊದಲನೆಯದು ಮಾತ್ರ ಲೆಕ್ಕಕ್ಕೆ ಬರುತ್ತದೆ. ನಮ್ಮ ಫೈಲ್ 10ರಿಂದ ಶುರುವಾಗುವುದರಿಂದ, ಯುಎಸ್‌ಬಿ ಕಾರ್ಡಿಗೆ ಮ್ಯಾಕ್ ಸೇರಿಸಿ ಉದ್ದ ಹೆಸರಿಡುವ ಡೆಬಿಯನ್‌ನ ಫೈಲ್ ಆಮೇಲೆ ಲೆಕ್ಕಕ್ಕಿಲ್ಲ. ಹೆಸರು ನಾವೇ ಕೊಡದಿದ್ದರೆ ಕರ್ನಲ್ ಇಟ್ಟ ಹೆಸರು ಉಳಿದು ನಿಮ್ಮ ನೆಟ್‌ವರ್ಕ್ ಸೆಟ್ಟಿಂಗ್ ಕಾರ್ಡನ್ನು ಹುಡುಕುತ್ತಾ ಕೂರುತ್ತದೆ. ಅದೇ ಫೋಲ್ಡರ್‌ನ ನೆಟ್‌ವರ್ಕ್ ಫೈಲ್‌ನಲ್ಲೂ ಹಳೆಯ ಉದ್ದ ಹೆಸರಿನ ಜಾಗದಲ್ಲಿ ಲ್ಯಾನ್0 ಅಂತ ತಿದ್ದಿ.

ಎರಡು ಅಡಾಪ್ಟರ್‌ಗಳೂ ಒಂದೇ ಪಿಸಿಯಲ್ಲಿದ್ದರೆ ಮಾತ್ರ ಈ ಮ್ಯಾಚ್ ಸಾಲು ನಡೆಯುವುದಿಲ್ಲ, ಎರಡಕ್ಕೂ ಹೊಂದುತ್ತದೆ. ಆಗ ಪಾತ್ ಅನ್ನುವ ಸಾಲು ಹಾಕಿ ಯುಎಸ್‌ಬಿ ಪೋರ್ಟ್‌ನಿಂದ ಗುರುತಿಸಬೇಕು. ನಿಮ್ಮದು ಬೇರೆ ಬೇರೆ ಪಿಸಿ, ಹಾಗಾಗಿ ತೊಂದರೆ ಇಲ್ಲ.

ಎರಡೂ ಪಿಸಿಯಲ್ಲಿ ಮಾಡಿ, ಒಂದರಲ್ಲಿ ಮಾತ್ರ ಅಲ್ಲ. ಆಫೀಸಿಗೆ ಕೊನೆಯ ಜೋಡಿ 11, ಶೆಡ್‌ಗೆ 12. ನಾಳೆ ಇನ್ನೊಂದು ಇಂಥದ್ದೇ ಅಡಾಪ್ಟರ್ ತಂದರೂ ಇವೆರಡಕ್ಕೆ ಏನೂ ಆಗುವುದಿಲ್ಲ.

ಸಿಸ್ಟಮ್‌ಡಿ ನೆಟ್‌ವರ್ಕ್‌ಡಿ ಬಳಸದವರಿಗೆ: /ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್ ಫೈಲ್ ಬಳಸುವವರು ಐಫೇಸ್ ಸಾಲಿನ ಕೆಳಗೆ ಎಚ್‌ಡಬ್ಲ್ಯುಅಡ್ರೆಸ್ ಅಂತ ಬರೆದು ಹೊಸ ಅಡ್ರೆಸ್ ಕೊಡಿ. ನೆಟ್‌ವರ್ಕ್ ಮ್ಯಾನೇಜರ್ ಇದ್ದರೆ ಆ ಕನೆಕ್ಷನ್‌ನ ಕ್ಲೋನ್ಡ್ ಮ್ಯಾಕ್ ಅಡ್ರೆಸ್ ಜಾಗದಲ್ಲಿ ಹಾಕಿ. ಯಾವುದಾದರೂ ಒಂದೇ ಕಡೆ ಮಾಡಿ. ಎರಡು ಕಡೆ ಬೇರೆ ಬೇರೆ ನಂಬರ್ ಇದ್ದರೆ ಕೊನೆಗೆ ಬರೆದದ್ದು ಉಳಿಯುತ್ತದೆ, ಯಾವುದು ಕೊನೆ ಅಂತ ಹುಡುಕುವುದು ಕಷ್ಟ.

ನಾಪೋಕ್ಲು_ವಿದ್ಯಾರ್ಥಿ

ನನ್ನ ಲ್ಯಾಪ್‌ಟಾಪ್‌ನಲ್ಲಿ ಮ್ಯಾಕ್‌ಚೇಂಜರ್ ಹಾಕಿ ವೈಫೈ ಅಡ್ರೆಸ್ ಬದಲಾಯಿಸಿದರೆ ಕನೆಕ್ಟ್ ಆದ ಕೂಡಲೇ ಹಳೆಯದೇ ಬರುತ್ತದೆ. ಇದೇ ಕಾರಣನಾ ಅಕ್ಕ?

ವಿರಾಜಪೇಟೆ_ಲ್ಯಾಬ್

ಹೌದಪ್ಪ. ನೆಟ್‌ವರ್ಕ್ ಮ್ಯಾನೇಜರ್ ಕನೆಕ್ಟ್ ಮಾಡುವಾಗ ತನ್ನ ಸೆಟ್ಟಿಂಗ್‌ನಲ್ಲಿರುವುದನ್ನು ಹಾಕುತ್ತದೆ. ಮ್ಯಾಕ್‌ಚೇಂಜರ್ ಬಿಟ್ಟುಬಿಡು, ನೆಟ್‌ವರ್ಕ್ ಮ್ಯಾನೇಜರ್‌ಗೇ ಹೇಳು. ಕ್ಲೋನ್ಡ್ ಮ್ಯಾಕ್ ಅಡ್ರೆಸ್ ಜಾಗದಲ್ಲಿ ನಂಬರ್ ಬದಲು ರ‍್ಯಾಂಡಮ್ ಅಂತ ಬರೆದರೆ ಪ್ರತಿ ಸಲ ಹೊಸದು. ಸ್ಟೇಬಲ್ ಅಂತ ಬರೆದರೆ ಪ್ರತಿ ಕನೆಕ್ಷನ್‌ಗೆ ಒಂದೊಂದು, ಆದರೆ ಅದೇ ಕನೆಕ್ಷನ್‌ಗೆ ಯಾವಾಗಲೂ ಅದೇ. ಕಾಲೇಜು, ಲೈಬ್ರರಿ ವೈಫೈಗೆ ಸ್ಟೇಬಲ್ ಒಳ್ಳೆಯದು. 1.4ನೇ ಆವೃತ್ತಿಯಿಂದ ಇದು ಇದೆ.

ನಾಪೋಕ್ಲು_ವಿದ್ಯಾರ್ಥಿ

ಥ್ಯಾಂಕ್ಸ್ ಅಕ್ಕ. ಇನ್ನೊಂದು. ದುಡ್ಡು ಕೊಟ್ಟು ಬಳಸುವ ಹಾಟ್‌ಸ್ಪಾಟ್‌ನಲ್ಲಿ ಆಗಲೇ ಲಾಗಿನ್ ಆದವರ ಮ್ಯಾಕ್ ಹಾಕಿಕೊಂಡರೆ ಫ್ರೀ ಸಿಗುತ್ತದೆ ಅಂತ ಫ್ರೆಂಡ್ಸ್ ಹೇಳ್ತಾರೆ. ನಿಜನಾ?

ಮಡಿಕೇರಿ_ಹಳಬ

ಮಗಾ, ಅದು ಬೇಡ. ಅವರು ದುಡ್ಡು ಕೊಟ್ಟ ಸಂಪರ್ಕ ಅದು. ನೀನು ಅವರ ನಂಬರ್ ಹಾಕಿಕೊಂಡರೆ ಅವರ ಫೋನ್ ಮತ್ತೆ ಮತ್ತೆ ಕಟ್ ಆಗುತ್ತದೆ, ಯಾಕೆ ಅಂತ ಅವರಿಗೆ ತಿಳಿಯುವುದೂ ಇಲ್ಲ. ಆಸ್ಪತ್ರೆಯಲ್ಲಿರುವವರ ಜೊತೆ ಮಾತಾಡುತ್ತಿರಬಹುದು. ಅನುಮತಿ ಇಲ್ಲದೆ ಇನ್ನೊಬ್ಬರ ನೆಟ್‌ವರ್ಕ್ ಹೊಕ್ಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರಲ್ಲಿ ಅಪರಾಧವೂ ಹೌದು. ನಿನ್ನ ಯಂತ್ರಕ್ಕೆ ನಿನ್ನದೇ ಹೊಸ ನಂಬರ್ ಇಡು, ಯಾರೂ ಕೇಳುವುದಿಲ್ಲ. ಇನ್ನೊಬ್ಬರ ನಂಬರ್ ತೊಡಬೇಡ.

ನಾಪೋಕ್ಲು_ವಿದ್ಯಾರ್ಥಿ

ಸರಿ ಸರ್, ಅರ್ಥವಾಯಿತು.

ಗೋಣಿಕೊಪ್ಪ_ಲಿನಕ್ಸ್

ನನ್ನ ಪ್ರಶ್ನೆಯೂ ಇದಕ್ಕೆ ಹತ್ತಿರದ್ದು, ಇಲ್ಲೇ ಕೇಳುತ್ತೇನೆ. ಸಿಡಿಲಿಗೆ ನಮ್ಮ ರೂಟರ್ ಹೋಗಿದೆ. ಬದಲಿಗೆ ಹಳೆಯ ಪಿಸಿಗೆ ಫ್ರೀಬಿಎಸ್‌ಡಿ ಹಾಕಿ ರೂಟರ್ ಮಾಡಿದ್ದೇನೆ. ಫೈಬರ್ ಡಬ್ಬಿಯ ಬೆಳಕು ಸರಿ ಇದೆ, ಐಪಿ ಮಾತ್ರ ಬರುತ್ತಿಲ್ಲ. ಇಂಟರ್‌ನೆಟ್ ಕೊಡುವವರು ಹಳೆಯ ರೂಟರ್‌ನ ಮ್ಯಾಕ್‌ಗೆ ಕಟ್ಟಿಹಾಕಿದ್ದಾರಂತೆ. ಫೋನ್ ಮಾಡಿದರೆ ಸೋಮವಾರ ನೋಡೋಣ ಅಂತಾರೆ. ಮನೆಯಲ್ಲಿ ಮಕ್ಕಳ ಪರೀಕ್ಷೆ ಇದೆ, ಸೋಮವಾರದವರೆಗೆ ಕಾಯುವುದು ಕಷ್ಟ.

ಹಾರಂಗಿ_ಹಿನ್ನೀರು

ಸುಟ್ಟ ರೂಟರ್ ನಿಮ್ಮದೇ, ಕನೆಕ್ಷನ್ ನಿಮ್ಮದೇ. ಅದರ ಅಡ್ರೆಸ್ ಹೊಸ ಪಿಸಿಗೆ ಹಾಕುವುದರಲ್ಲಿ ಸಂಕೋಚ ಬೇಡ. ಹೆಚ್ಚಿನ ರೂಟರ್‌ಗಳ ಸೆಟ್ಟಿಂಗ್‌ನಲ್ಲೇ ಮ್ಯಾಕ್ ಕ್ಲೋನ್ ಅಂತ ಇರುವುದು ಇದಕ್ಕಾಗಿಯೇ. ಸುಟ್ಟ ರೂಟರ್‌ನ ಅಡಿಯಲ್ಲಿ ಚೀಟಿ ನೋಡಿ. ಚೀಟಿಯಲ್ಲಿರುವುದು ಎಷ್ಟೋ ಸಲ ಲ್ಯಾನ್ ಕಡೆಯ ಅಡ್ರೆಸ್. ವ್ಯಾನ್ ಕಡೆಯದು, ಅಂದರೆ ಇಂಟರ್‌ನೆಟ್ ಬರುವ ಕಡೆಯದು, ಅದಕ್ಕಿಂತ ಒಂದು ಹೆಚ್ಚೋ ಒಂದು ಕಡಿಮೆಯೋ ಇರುವುದು ಸಾಮಾನ್ಯ. ಚೀಟಿಯದು ನಡೆಯದಿದ್ದರೆ ಅಕ್ಕಪಕ್ಕದ್ದು ಹಾಕಿ ನೋಡಿ.

ಫ್ರೀಬಿಎಸ್‌ಡಿಯಲ್ಲಿ ಕಮಾಂಡ್ ಸರಳ: ಇಫ್‌ಕಾನ್ಫಿಗ್ ಇಎಂ0 ಈಥರ್, ಅದರ ಮುಂದೆ ಅಡ್ರೆಸ್. ಇಎಂ0 ಅನ್ನುವ ಜಾಗದಲ್ಲಿ ನಿಮ್ಮ ಕಾರ್ಡಿನ ಹೆಸರು ಹಾಕಿ. ಉಳಿಯಬೇಕಾದರೆ /ಇಟಿಸಿ/ಸ್ಟಾರ್ಟ್_ಇಫ್.ಇಎಂ0 ಅನ್ನುವ ಫೈಲ್ ಮಾಡಿ ಅದೇ ಸಾಲನ್ನು ಅದರೊಳಗೆ ಬರೆಯಿರಿ. ಕಾರ್ಡ್ ಏಳುವ ಮೊದಲೇ ಅದು ಓಡುತ್ತದೆ. ಓಪನ್‌ಬಿಎಸ್‌ಡಿಯಲ್ಲಿ ಈಥರ್ ಬದಲು ಎಲ್‌ಎಲ್‌ಅಡ್ಡರ್, ಮತ್ತು ಅದು /ಇಟಿಸಿ/ಹೋಸ್ಟ್‌ನೇಮ್.ಇಎಂ0 ಫೈಲ್‌ನಲ್ಲಿ ಒಂದು ಸಾಲು. ಮ್ಯಾಕ್ ಓಎಸ್‌ನಲ್ಲೂ ಇಫ್‌ಕಾನ್ಫಿಗ್ ಈಥರ್ ನಡೆಯುತ್ತದೆ, ರೀಬೂಟ್ ಆದರೆ ಹೋಗುತ್ತದೆ.

ಬದಲಾಯಿಸಿದ ಮೇಲೆ ಫೈಬರ್ ಡಬ್ಬಿಯ ಕರೆಂಟ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಕೆಲವು ಡಬ್ಬಿಗಳು ಮೊದಲು ನೋಡಿದ ಅಡ್ರೆಸ್ಸನ್ನೇ ಹಿಡಿದುಕೊಂಡಿರುತ್ತವೆ. ಆಮೇಲೆ ಸೋಮವಾರ ಅವರು ಬಂದಾಗ ಹೊಸ ಪಿಸಿಯ ನಿಜವಾದ ಅಡ್ರೆಸ್ಸನ್ನೇ ಅವರ ಕಡೆ ದಾಖಲಿಸಲು ಹೇಳಿ. ಹಳೆಯ ರೂಟರ್ ರಿಪೇರಿ ಆಗಿ ಮನೆಗೆ ಬಂದರೆ ಎರಡಕ್ಕೂ ಒಂದೇ ಅಡ್ರೆಸ್ ಆಗುತ್ತದೆ.

ಗೋಣಿಕೊಪ್ಪ_ಲಿನಕ್ಸ್

ಚೀಟಿಯದಕ್ಕಿಂತ ಒಂದು ಹೆಚ್ಚು ಹಾಕಿದಾಗ ಐಪಿ ಬಂತು! ತುಂಬಾ ಉಪಕಾರವಾಯಿತು ಅಣ್ಣ.

ಮಡಿಕೇರಿ_ಹೋಮ್‌ಸ್ಟೇ

ನಮ್ಮ ಹೋಮ್‌ಸ್ಟೇಗೂ ಇದು ಸಂಬಂಧಿಸಿದೆ. ರೂಟರ್‌ನಲ್ಲಿ ಮನೆಯವರ ಫೋನ್‌ಗಳ ಮ್ಯಾಕ್ ಮಾತ್ರ ಬಿಡುವಂತೆ ಫಿಲ್ಟರ್ ಹಾಕಿದ್ದೆ. ಹೊಸ ಫೋನ್ ತಂದ ಮಗಳಿಗೆ ಕನೆಕ್ಟ್ ಆಗುತ್ತಿಲ್ಲ. ಫೋನ್ ತಾನೇ ಮ್ಯಾಕ್ ಬದಲಾಯಿಸುತ್ತದಾ?

ವಿರಾಜಪೇಟೆ_ಲ್ಯಾಬ್

ಬದಲಾಯಿಸುತ್ತದೆ. ಆಂಡ್ರಾಯ್ಡ್ 10ರಿಂದ, ಐಫೋನ್‌ನಲ್ಲಿ ಐಓಎಸ್ 14ರಿಂದ, ಪ್ರತಿ ವೈಫೈಗೆ ಬೇರೆ ಬೇರೆ ಅಡ್ರೆಸ್ ಕೊಡುವುದೇ ಮೂಲ ಸೆಟ್ಟಿಂಗ್. ಮಾಲ್, ಏರ್‌ಪೋರ್ಟ್‌ಗಳಲ್ಲಿ ಒಬ್ಬರ ಓಡಾಟವನ್ನು ಫೋನಿನ ಮ್ಯಾಕ್ ನೋಡಿ ಹಿಂಬಾಲಿಸಬಾರದು ಅಂತ. ಅದು ಒಳ್ಳೆಯದೇ. ನಿಮ್ಮ ಮನೆಯ ವೈಫೈಗೆ ಮಾತ್ರ ಮಗಳ ಫೋನ್‌ನಲ್ಲಿ ಆ ಸೆಟ್ಟಿಂಗ್ ಆರಿಸಬಹುದು.

ಆದರೆ ಆ ಫಿಲ್ಟರನ್ನು ಬೀಗ ಅಂತ ನಂಬಬೇಡಿ. ವೈಫೈ ಫ್ರೇಮ್‌ನ ತಲೆಯಲ್ಲಿ ಮ್ಯಾಕ್ ಅಡ್ರೆಸ್ ಯಾವಾಗಲೂ ಬಯಲಲ್ಲೇ ಹೋಗುತ್ತದೆ. ಪಾಸ್‌ವರ್ಡ್ ಇದ್ದರೂ ಆ ಭಾಗ ಎನ್‌ಕ್ರಿಪ್ಟ್ ಆಗುವುದಿಲ್ಲ. ಅಂಗಳದಲ್ಲಿ ಕೂತವರೂ ಓದಬಹುದು, ಓದಿ ತಮ್ಮ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಬಹುದು. ಫಿಲ್ಟರ್ ತೆಗೆದುಬಿಡಿ. ಅತಿಥಿಗಳಿಗೆ ಬೇರೆ ವೈಫೈ ಹೆಸರು ಮಾಡಿ, ಬೇರೆ ಪಾಸ್‌ವರ್ಡ್ ಕೊಡಿ, ಮನೆಯ ವೈಫೈಗೆ ಉದ್ದದ ಪಾಸ್‌ವರ್ಡ್ ಇಡಿ.

ಮಡಿಕೇರಿ_ಹೋಮ್‌ಸ್ಟೇ

ಹಾಗೇ ಮಾಡ್ತೀನಿ ಮೇಡಂ. ಮ್ಯಾಕ್ ಬದಲಾಯಿಸಿದರೆ ವೆಬ್‌ಸೈಟ್‌ಗಳಿಗೂ ನಾವು ಯಾರು ಅಂತ ಗೊತ್ತಾಗಲ್ಲ ಅಂತ ಅತಿಥಿಯೊಬ್ಬರು ಹೇಳ್ತಿದ್ದರು.

ಮಡಿಕೇರಿ_ಹಳಬ

ವೆಬ್‌ಸೈಟಿಗೆ ನಿಮ್ಮ ಮ್ಯಾಕ್ ಮೊದಲೇ ತಲುಪುವುದಿಲ್ಲ. ನಿಮ್ಮ ರೂಟರ್‌ವರೆಗೆ ಮಾತ್ರ ಅದರ ಆಯುಷ್ಯ. ಅಲ್ಲಿಂದ ಮುಂದೆ ರೂಟರ್ ತನ್ನ ಅಡ್ರೆಸ್ ಹಾಕುತ್ತದೆ. ಒಂದೇ ಒಂದು ವಿಷಯ ನೋಡಿಕೊಳ್ಳಬೇಕು. ಐಪಿ ಆವೃತ್ತಿ 6ರ ಹಳೆಯ ಕ್ರಮದಲ್ಲಿ ಯಂತ್ರ ತನ್ನ ಮ್ಯಾಕ್‌ನಿಂದಲೇ ಐಪಿಯ ಕೊನೆಯ ಅರ್ಧ ಮಾಡಿಕೊಳ್ಳುತ್ತಿತ್ತು, ಮಧ್ಯಕ್ಕೆ ಎಫ್‌ಎಫ್ ಎಫ್‌ಇ ಸೇರಿಸಿ. ಆಗ ಮ್ಯಾಕ್ ಹೊರಜಗತ್ತಿಗೂ ಕಾಣುತ್ತಿತ್ತು. ಈಗಿನ ಫೋನ್‌ಗಳು ಹಾಗೆ ಮಾಡುವುದಿಲ್ಲ.

ಸುಂಟಿಕೊಪ್ಪ_ತೋಟ

ಮೇಡಂ ಹೇಳಿದ ಹಾಗೆ ಎರಡೂ ಪಿಸಿಯಲ್ಲಿ ಲಿಂಕ್ ಫೈಲ್ ಹಾಕಿ ರೀಬೂಟ್ ಮಾಡಿದೆ. ಆಫೀಸಿನಲ್ಲಿ 11, ಶೆಡ್‌ನಲ್ಲಿ 12, ಸರಿಯಾಗಿ ಕಾಣುತ್ತಿದೆ. ಅಡಾಪ್ಟರ್ ಕಿತ್ತು ಹಾಕಿದರೂ ಉಳಿಯುತ್ತದೆ. ಆದರೆ ತೊಂದರೆ ಪೂರ್ತಿ ಹೋಗಿಲ್ಲ. ಎರಡಕ್ಕೂ ರೂಟರ್ ಒಂದೇ ಐಪಿ ಕೊಡುತ್ತಿದೆ! ರೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಸಾಫ್ಟ್‌ವೇರ್ ಇದೆ. ಮ್ಯಾಕ್ ಬೇರೆ ಆದ ಮೇಲೆ ಐಪಿ ಬೇರೆ ಆಗಬೇಕಲ್ವಾ?

ವಿರಾಜಪೇಟೆ_ಲ್ಯಾಬ್

ನಿಮ್ಮ ಮೊದಲ ಪೋಸ್ಟ್ ಮತ್ತೆ ಓದಿದೆ. ಡಿಸ್ಕ್ ಕಾಪಿ ಮಾಡಿದ್ದೇವೆ ಅಂತ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ.

ಸಿಸ್ಟಮ್‌ಡಿ ನೆಟ್‌ವರ್ಕ್‌ಡಿ ಡಿಎಚ್‌ಸಿಪಿ ಕೇಳುವಾಗ ತನ್ನ ಗುರುತಾಗಿ ಮ್ಯಾಕ್ ಕೊಡುವುದಿಲ್ಲ. /ಇಟಿಸಿ/ಮೆಷಿನ್-ಐಡಿ ಫೈಲ್‌ನಿಂದ ಮಾಡಿದ ಒಂದು ಗುರುತು, ಅದರ ಜೊತೆ ಇಂಟರ್‌ಫೇಸ್‌ನ ಜಾಗದಿಂದ ಮಾಡಿದ ಇನ್ನೊಂದು ನಂಬರ್, ಎರಡನ್ನೂ ಸೇರಿಸಿ ಕಳಿಸುತ್ತದೆ. ಡಿಸ್ಕ್ ಕಾಪಿ ಮಾಡಿದಾಗ ಮೆಷಿನ್-ಐಡಿಯೂ ಕಾಪಿ ಆಯಿತು. ಪಿಸಿ ಮಾಡೆಲ್ ಒಂದೇ, ಅಡಾಪ್ಟರ್‌ಗಳೂ ಬಹುಶಃ ಒಂದೇ ಜಾಗದ ಪೋರ್ಟ್‌ನಲ್ಲಿವೆ. ರೂಟರ್‌ನೊಳಗೆ ಐಪಿ ಹಂಚುವ ಡಿಎನ್‌ಎಸ್‌ಮಾಸ್ಕ್ ಮ್ಯಾಕ್‌ಗಿಂತ ಈ ಗುರುತಿಗೆ ಜಾಸ್ತಿ ಬೆಲೆ ಕೊಡುತ್ತದೆ. ಅದರ ಲೆಕ್ಕದಲ್ಲಿ ನಿಮ್ಮ ಎರಡೂ ಪಿಸಿ ಒಂದೇ ಯಂತ್ರ.

ಶೆಡ್ ಪಿಸಿಯಲ್ಲಿ ಮಾತ್ರ ಹೀಗೆ ಮಾಡಿ. /ಇಟಿಸಿ/ಮೆಷಿನ್-ಐಡಿ ಮತ್ತು /ವಾರ್/ಲಿಬ್/ಡಿಬಸ್/ಮೆಷಿನ್-ಐಡಿ ಎರಡನ್ನೂ ಅಳಿಸಿ. ಎರಡನೆಯದನ್ನು ಬಿಟ್ಟರೆ ಅದರಿಂದಲೇ ಹಳೆಯ ಗುರುತು ವಾಪಸ್ ಬರಬಹುದು. ಆಮೇಲೆ ಸುಡೊ ಸಿಸ್ಟಮ್‌ಡಿ-ಮೆಷಿನ್-ಐಡಿ-ಸೆಟಪ್ ಕೊಟ್ಟು ರೀಬೂಟ್ ಮಾಡಿ.

ನೆಟ್‌ವರ್ಕ್ ಫೈಲ್‌ನ ಡಿಎಚ್‌ಸಿಪಿವಿ4 ಭಾಗದಲ್ಲಿ ಕ್ಲೈಂಟ್‌ಐಡೆಂಟಿಫೈಯರ್=ಮ್ಯಾಕ್ ಅಂತ ಹಾಕಿದರೂ ಐಪಿ ಬೇರೆಯಾಗುತ್ತದೆ. ಆದರೆ ಮೆಷಿನ್-ಐಡಿ ಒಂದೇ ಇರುವ ಎರಡು ಯಂತ್ರ ಒಂದೇ ನೆಟ್‌ವರ್ಕ್‌ನಲ್ಲಿ ಇರಬಾರದು. ಬೇರನ್ನೇ ಸರಿಮಾಡಿ.

ಹಾರಂಗಿ_ಹಿನ್ನೀರು

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಡಿಸ್ಕ್ ಜೊತೆ ಎಸ್‌ಎಸ್‌ಎಚ್ ಸರ್ವರ್‌ನ ಕೀಗಳೂ ಕಾಪಿ ಆಗಿವೆ. ಶೆಡ್ ಪಿಸಿಯಲ್ಲಿ /ಇಟಿಸಿ/ಎಸ್‌ಎಸ್‌ಎಚ್ ಒಳಗಿನ ಎಸ್‌ಎಸ್‌ಎಚ್_ಹೋಸ್ಟ್ ಅಂತ ಶುರುವಾಗುವ ಫೈಲ್‌ಗಳನ್ನು ಅಳಿಸಿ, ಡಿಪಿಕೆಜಿ-ರೀಕಾನ್ಫಿಗರ್ ಓಪನ್‌ಎಸ್‌ಎಸ್‌ಎಚ್-ಸರ್ವರ್ ಕೊಡಿ. ಹೊಸ ಕೀ ಹುಟ್ಟುತ್ತವೆ.

ಇನ್ನೊಂದು, ಇದು ಮ್ಯಾಕ್ ವಿಷಯ ಅಲ್ಲ, ಆದರೂ ಹೇಳಬೇಕು. ಆಫೀಸಿನಿಂದ ಶೆಡ್‌ಗೆ ತಾಮ್ರದ ಲ್ಯಾನ್ ಕೇಬಲ್ ಬಯಲಲ್ಲಿ ಎಳೆದಿದ್ದೀರಿ ಅನಿಸುತ್ತದೆ. ಸಿಡಿಲು ನೇರವಾಗಿ ಬಡಿಯದೆ ಹತ್ತಿರ ಬಿದ್ದರೂ ಅಂಥ ಉದ್ದದ ತಂತಿಯಲ್ಲಿ ವೋಲ್ಟೇಜ್ ಏರುತ್ತದೆ, ಎರಡೂ ತುದಿಯ ಪೋರ್ಟ್ ಸುಡುತ್ತದೆ. ಎರಡು ಕಟ್ಟಡದ ನಡುವೆ ಫೈಬರ್ ಎಳೆದು ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್‌ಗೆ ಜೋಡಿಸುವ ಡಬ್ಬಿ) ಇಡಿ. ಲೋಹದ ತಂತಿ ಇಲ್ಲದ ಫೈಬರ್ ಕೇಳಿ ತನ್ನಿ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ತಾಮ್ರದ ಲ್ಯಾನ್‌ಗೆ 100 ಮೀಟರ್ ಮಿತಿ, ಫೈಬರ್‌ಗೆ ಆ ಚಿಂತೆಯೂ ಇಲ್ಲ. ಕೊಡಗಿನ ತೋಟಗಳಲ್ಲಿ ಇದಕ್ಕೆ ಹಾಕಿದ ದುಡ್ಡು ನಷ್ಟವಾಗುವುದಿಲ್ಲ.

ಸುಂಟಿಕೊಪ್ಪ_ತೋಟ

ಮೆಷಿನ್-ಐಡಿ ಬದಲಾಯಿಸಿದ ಕೂಡಲೇ ಶೆಡ್ ಪಿಸಿಗೆ ಬೇರೆ ಐಪಿ ಬಂತು. ಎರಡೂ ಒಟ್ಟಿಗೆ ಓಡುತ್ತಿವೆ, ಪಿಂಗ್ ಒಂದೂ ತಪ್ಪುತ್ತಿಲ್ಲ. ಎಸ್‌ಎಸ್‌ಎಚ್ ಕೀ ಕೂಡ ಹೊಸದು ಮಾಡಿದೆ. ಕ್ಯಾಮೆರಾ ನೋಡುವ ಆಫೀಸಿನ ಇನ್ನೊಂದು ಕಂಪ್ಯೂಟರ್ ಮಾತ್ರ ಸ್ವಲ್ಪ ಹೊತ್ತು ಶೆಡ್ ಪಿಸಿಯನ್ನು ಹುಡುಕಲಿಲ್ಲ, ಆಮೇಲೆ ತಾನಾಗಿ ಸರಿಹೋಯಿತು.

ಕೇಬಲ್ ವಿಷಯ ನೀವು ಊಹಿಸಿದ್ದು ಸರಿ ಅಣ್ಣ. ಸಿಲ್ವರ್ ಓಕ್ ಮರಗಳ ಮೇಲೇ ಎಳೆದಿದ್ದಾರೆ. ಮಳೆಗಾಲಕ್ಕೆ ಮೊದಲು ಫೈಬರ್ ಹಾಕಿಸುತ್ತೇವೆ. ಮೇಡಂಗೆ, ಎಲ್ಲರಿಗೂ ಕೃತಜ್ಞತೆ.

ವಿರಾಜಪೇಟೆ_ಲ್ಯಾಬ್

ಆ ಕಂಪ್ಯೂಟರ್ ಹುಡುಕದೇ ಇದ್ದದ್ದು ಬಹುಶಃ ಎಆರ್‌ಪಿ ಪಟ್ಟಿಯಿಂದ. ಈ ಐಪಿಗೆ ಈ ಮ್ಯಾಕ್ ಅಂತ ಹಳೆಯದು ಅದರ ನೆನಪಿನಲ್ಲಿ ಇದ್ದಿರಬಹುದು. ಇನ್ನೊಮ್ಮೆ ಆದರೆ ಲಿನಕ್ಸ್‌ನಲ್ಲಿ ಐಪಿ ನೈಬರ್ ಫ್ಲಶ್ ಆಲ್ ಕೊಟ್ಟರೆ ಕಾಯಬೇಕಿಲ್ಲ.

ಎರಡೂ ಅಡಾಪ್ಟರ್‌ಗಳ ಮೇಲೆ ಮೂಲ ಅಡ್ರೆಸ್ ಮತ್ತು ಹೊಸ ಅಡ್ರೆಸ್ ಎರಡನ್ನೂ ಬರೆದು ಅಂಟಿಸಿಡಿ. ಮುಂದೆ ಬೇರೆ ಕಂಪನಿಯ ಅಡಾಪ್ಟರ್ ಹಾಕಿದರೆ ಲಿಂಕ್ ಫೈಲ್‌ನ ಮ್ಯಾಚ್ ಸಾಲಿನಲ್ಲಿರುವ ಮೂಲ ಅಡ್ರೆಸ್ ತಿದ್ದಬೇಕು. ಇಲ್ಲದಿದ್ದರೆ ಹೊಸ ಕಾರ್ಡಿಗೆ ಲ್ಯಾನ್0 ಅನ್ನುವ ಹೆಸರೂ ಬರುವುದಿಲ್ಲ, ನೆಟ್‌ವರ್ಕೂ ಏಳುವುದಿಲ್ಲ.